ನೆಲಮಾಳಿಗೆಯ ಮೇಣದಬತ್ತಿ

ಊರಿನವರೆಲ್ಲ ಕಮ್ಮಾರರ ಮನೆ ಎಂದು ಕರೆಯುತ್ತಿದ್ದ ಆ ಮನೆಯಲ್ಲಿ ಕುಲುಮೆ ಆರಿ ನಾಲ್ಕು ತಲೆಮಾರು ಕಳೆದಿತ್ತು. ಉಳಿದಿದ್ದು ಎರಡೇ: ಆ ಹೆಸರು, ಮತ್ತು ಬಿಯರ್ ಕಾಯಿಸುವ ಹಕ್ಕು. ಬವೇರಿಯಾದ ಆ ಮೂಲೆಯಲ್ಲಿ, ಬೊಹೆಮಿಯಾದ ಗುಡ್ಡಗಳು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ಆ ಹಕ್ಕು ಮನುಷ್ಯರಿಗೆ ಸೇರಿದ್ದಲ್ಲ, ಮನೆಗೆ ಅಂಟಿಕೊಂಡು ಬಂದದ್ದು. ಹಕ್ಕಿರುವ ಮನೆಯವರು ಸರದಿಯ ಮೇಲೆ ಊರೊಟ್ಟಿನ ಹಂಡೆಮನೆಯಲ್ಲಿ ಸೌದೆ ಉರಿಸಿ ಮೊಳಕೆ ಬಾರ್ಲಿಯ ಕಷಾಯ ಕಾಯಿಸುತ್ತಾರೆ. ಅದನ್ನು ಮನೆಗೆ ತಂದು, ನೆಲಮಾಳಿಗೆಯ ಪೀಪಾಯಿಗಳಿಗೆ ತುಂಬಿ, ಯೀಸ್ಟ್ ಬೆರೆಸಿ, ತಂಪಿನಲ್ಲಿ ಹಣ್ಣಾಗಲು ಬಿಡುತ್ತಾರೆ. ಹದಕ್ಕೆ ಬಂದ ದಿನ ಬಾಗಿಲ ಮೇಲೆ ಕೋಲು ಚಾಚಿ ಆರು ಮೂಲೆಯ ನಕ್ಷತ್ರ ತೂಗುಬಿಡುತ್ತಾರೆ. ನಕ್ಷತ್ರ ಕಂಡವರು ಒಳಗೆ ಬಂದು, ನಡುಮನೆಯ ಬೆಂಚಿನ ಮೇಲೆ ಕೂತು, ಪೀಪಾಯಿ ಬರಿದಾಗುವವರೆಗೂ ಕುಡಿಯುತ್ತಾರೆ.

ಆಫ್ರಾ ಆ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಇಪ್ಪತ್ತನಾಲ್ಕು. ಈಗ ಐವತ್ತೇಳು. ಅಷ್ಟು ವರ್ಷವೂ ನಕ್ಷತ್ರ ತೂಗಿದ ದಿನಗಳಲ್ಲಿ ನಡುಮನೆಯಲ್ಲಿ ಗಾಜಿನ ಲೋಟ ತುಂಬಿದವಳು, ಹಂದಿಮಾಂಸದ ತಟ್ಟೆ ಹೊತ್ತವಳು, ಬೆಂಚು ಒರೆಸಿದವಳು ಅವಳೇ. ಆದರೆ ಅಡುಗೆಮನೆಯ ಪಕ್ಕದ ಗಿಡ್ಡ ಬಾಗಿಲು ತೆರೆದು ನೆಲಮಾಳಿಗೆಯ ಹನ್ನೆರಡು ಮೆಟ್ಟಿಲನ್ನು ಅವಳು ಇಳಿದದ್ದು ಒಂದೇ ಸಲ, ಮದುವೆಯಾದ ವರ್ಷ. ಆ ದಿನ ಅವಳ ಗಂಡ ಸೆವೆರೀನನ ತಮ್ಮ ವೆಂಡೆಲ್ ಅಲ್ಲಿ ಸತ್ತಿದ್ದ. ಪೀಪಾಯಿಯ ಬಿರಡೆ ಬಿಗಿಯಲು ಬಗ್ಗಿದವನು ಮತ್ತೆ ಮೇಲೇಳಲಿಲ್ಲ. ಹುದುಗುವ ಬಿಯರ್ ಬಿಡುವ ಗ್ಯಾಸಿಗೆ ಬಣ್ಣವಿಲ್ಲ; ಗಾಳಿಗಿಂತ ಭಾರವಾದ್ದರಿಂದ ಅದು ನೀರಿನ ಹಾಗೆ ಕೆಳಗೆ ನಿಲ್ಲುತ್ತದೆ. ಆಮೇಲೆ ಆಫ್ರಾ ಆ ಬಾಗಿಲ ಮುಂದೆ ನಡೆಯುವಾಗಲೂ ಎದುರುಗೋಡೆಯ ಕಡೆಗೆ ಒಂದು ಹೆಜ್ಜೆ ಸರಿಯುತ್ತಿದ್ದಳು. ಮೈದುನನ ಮೇಲಿನ ಪ್ರೀತಿ, ಪಾಪ, ಎಂದು ಊರು ತಿಳಿದುಕೊಂಡಿತು. ಸೆವೆರೀನನೂ ಹಾಗೇ ತಿಳಿದುಕೊಂಡ. ಯಾರೂ ಕೇಳಲಿಲ್ಲ, ಅವಳು ಹೇಳಲಿಲ್ಲ.

ಈ ವರ್ಷ ಅಕ್ಟೋಬರ್ ಕೊನೆಯಲ್ಲಿ, ಬಿಯರ್ ಪೀಪಾಯಿಗೆ ಬಿದ್ದ ಮೂರನೆಯ ದಿನ, ಸೆವೆರೀನ್ ಸೇಬಿನ ಮರಕ್ಕೆ ಒರಗಿಸಿದ್ದ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಅಡುಗೆಮನೆಯಲ್ಲಿ ಕೂತ. ಅದೇ ವಾರ ದಕ್ಷಿಣದಿಂದ ಬೆಚ್ಚನೆ ಗಾಳಿ ಎದ್ದಿತು. ಬೇರೆ ವರ್ಷವಾಗಿದ್ದರೆ ದಿನಾ ಬೆಳಿಗ್ಗೆ ಓಣಿಯ ಕಡೆಗಿರುವ, ನೆಲಮಾಳಿಗೆಗೆ ಪೀಪಾಯಿ ಇಳಿಸುವ ಕಿಂಡಿಯನ್ನು ಅವನೇ ತೆರೆದು ಗಾಳಿಯಾಡಿಸುತ್ತಿದ್ದ. ಈ ಸಲ ಕೂತಲ್ಲಿಂದಲೇ ಹೇಳಿದ: "ಕಿಂಡಿ ತೆಗೀಬೇಡ. ಸೆಖೆ ಒಳಗೆ ಹೋದ್ರೆ ಬಿಯರ್ ಕೆಟ್ಟುಹೋಗತ್ತೆ." ಅವಳು ತೆಗೆಯಲಿಲ್ಲ. ಆರು ದಿನ ಕಿಂಡಿಯೂ ಮುಚ್ಚಿತ್ತು, ಬಾಗಿಲೂ ಮುಚ್ಚಿತ್ತು.

ಏಳನೆಯ ದಿನ, ಸಕಲ ಸಂತರ ಹಬ್ಬದ ಮುನ್ನಾದಿನ, ಬೆಳಿಗ್ಗೆ ಕಾಫಿ ಕುಡಿಯುತ್ತ ಸೆವೆರೀನ್ ಬೆರಳು ಮಡಿಸಿ ದಿನ ಎಣಿಸಿದ.

"ಇವತ್ತೇ ಬಿರಡೆ ಬಿಗೀಬೇಕು," ಎಂದ. "ನಾಳೆ ಅಂದ್ರೆ ಹೊತ್ತು ಮೀರತ್ತೆ."

ಅದೇನೆಂದು ಆಫ್ರಾಗೆ ಗೊತ್ತು. ಯೀಸ್ಟ್ ಸಿಹಿ ತಿಂದು ಗ್ಯಾಸು ಬಿಡುತ್ತದೆ. ಮೊದಲ ದಿನಗಳಲ್ಲಿ ಪೀಪಾಯಿಯ ಬಾಯಿ ತೆರೆದಿರಬೇಕು. ಇನ್ನೇನು ಸಿಹಿ ಮುಗಿಯುತ್ತದೆ ಎನ್ನುವಾಗ ಬಾಯಿ ಮುಚ್ಚಿ ಬಿರಡೆ ಬಿಗಿದರೆ, ಕೊನೆಯ ಗ್ಯಾಸು ಹೊರಗೆ ಹೋಗಲಾರದೆ ಬಿಯರಿನೊಳಗೇ ಕರಗಿ ಕೂರುತ್ತದೆ. ಲೋಟಕ್ಕೆ ಬಿಟ್ಟಾಗ ನೊರೆಯಾಗಿ ಎದ್ದು ಬರುವುದು ಅದೇ. ತಡವಾದರೆ ಬಿಯರ್ ತಂಗಳು ನೀರು. ಸಿಲಿಂಡರಿನಿಂದ ಗ್ಯಾಸು ತುಂಬಿಸುವವರೂ ಇದ್ದಾರೆ. ತೀರಿಹೋದ ಅತ್ತೆ ಅಂಥವರನ್ನು ಕಂಡರೆ, "ಅದು ದುಡ್ಡು ಕೊಟ್ಟು ಬೇರೆಯವರ ಕೈಲಿ ಜಪ ಮಾಡಿಸಿದ ಹಾಗೆ," ಎನ್ನುತ್ತಿದ್ದಳು.

"ಕ್ವಿರೀನನ್ನ ಕರೀಲಾ?" ಎಂದಳು ಆಫ್ರಾ. ಕ್ವಿರೀನ್ ಪಕ್ಕದ ಮನೆಯವನು, ಅವನ ಮನೆಗೂ ಹಕ್ಕಿತ್ತು.

"ನಮ್ಮ ಪೀಪಾಯಿಗೆ ಅವನು ಬಿರಡೆ ಹಾಕೋದಾ? ಹಾಕಿ, ಊರೆಲ್ಲ ಹೇಳ್ಕೊಂಡು ತಿರುಗ್ತಾನೆ. ಮನೆ ಬಿರಡೆ ಮನೆಯವರ ಕೈಲೇ ಆಗ್ಬೇಕು. ನೀನು ಹೋಗು, ಇಲ್ಲಾ ನಾನು ಹೋಗ್ತೀನಿ."

"ನೀನಾ? ಈ ಕಾಲಲ್ಲಾ?"

"ಕೂತ್ಕೊಂಡು ಜಾರ್ಕೊಂಡು ಹೋಗ್ತೀನಿ. ಮಕ್ಕಳು ಇಳಿಯಲ್ವಾ?"

ಅವನು ನಗುತ್ತಿದ್ದ. ಆಫ್ರಾಗೆ ನಗು ಬರಲಿಲ್ಲ. ಕೂತುಕೊಂಡು ಇಳಿಯುವವನ ತಲೆ ಎಲ್ಲಿರುತ್ತದೆ ಎಂದು ಅವಳು ಯೋಚಿಸುತ್ತಿದ್ದಳು.

"ಹೆದರ್ಕೋಬೇಡ ಕಣೇ," ಎಂದ ಅವನು, ಮೆತ್ತಗೆ. "ಕಾಲ ಹಾಗಿಲ್ಲ ಈಗ. ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡು. ಡಬ್ಬಿ ಹಸಿರು ತೋರಿಸ್ತಿದ್ರೆ ಗಾಳಿ ಚೆನ್ನಾಗಿದೆ ಅಂತ."

ಡಬ್ಬಿ ಎಂದರೆ ಮೂರು ವರ್ಷದ ಹಿಂದೆ ಅವನು ತಂದ ಯಂತ್ರ. ಗ್ಯಾಸು ಹೆಚ್ಚಾದರೆ ಕೆಂಪಾಗಿ ಕಿರುಚಿಕೊಳ್ಳುತ್ತದೆ. ಅವಳು ಬಾಗಿಲು ತೆರೆದಳು. ಹುಳಿ ಸೇಬಿನಂಥ, ಹಿಟ್ಟಿನಂಥ ತಣ್ಣನೆ ವಾಸನೆ ಮುಖಕ್ಕೆ ಬಂತು. ಟಾರ್ಚಿನ ಬೆಳಕು ಎದುರುಗೋಡೆಗೆ ತಾಗಿತು. ಅಲ್ಲಿ ಹಳೆಯ ಮರದ ಶಿಲುಬೆ, ಅದರ ಪಾದದ ಕೆಳಗೆ ಡಬ್ಬಿ. ಬಾಗಿಲಲ್ಲಿ ನಿಂತವರ ಕಣ್ಣಿಗೇ ಬೀಳಲಿ, ದೇವರ ಕಾವಲೂ ಇರಲಿ ಎಂದು ಸೆವೆರೀನ್ ಅದನ್ನು ಅಲ್ಲೇ ಮೊಳೆ ಹೊಡೆದು ಕೂರಿಸಿದ್ದ. ಹಸಿರಾಗಿತ್ತು.

"ಹಸಿರಾ?" ಅಡುಗೆಮನೆಯಿಂದ ಕೂಗಿದ.

"ಹಸಿರು."

"ಮತ್ತಿನ್ನೇನು ತಾಯಿ? ನಡಿ."

ಅವಳು ಟಾರ್ಚ್ ಆರಿಸಿ ಕಪಾಟಿನ ಹತ್ತಿರ ಹೋದಳು. ಫೆಬ್ರವರಿಯಲ್ಲಿ ಮೇಣದಬತ್ತಿ ಹರಸುವ ಹಬ್ಬದ ದಿನ ಚರ್ಚಿನಲ್ಲಿ ಮಂತ್ರಿಸಿ ತಂದ ಮೇಣದಬತ್ತಿಗಳು ಅಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ್ದವು. ಒಂದನ್ನು ತೆಗೆದು ಹಚ್ಚಿದಳು. ಆ ಗ್ಯಾಸು ನಿಂತಲ್ಲಿ ಉರಿ ಉಳಿಯುವುದಿಲ್ಲ.

"ಅಮ್ಮನ ಕಾಲದ ಪದ್ಧತಿ," ಎಂದು ಸೆವೆರೀನ್ ನಕ್ಕ. "ಆಗಲಿ, ಧೈರ್ಯ ಬರೋದಾದ್ರೆ ಎರಡು ಹಚ್ಕೋ."

ಮೊದಲ ಮೆಟ್ಟಿಲು. ಬಾಯಲ್ಲಿ ಮರಿಯಮ್ಮನ ಜಪ ತಾನಾಗಿ ಶುರುವಾಯಿತು. ಎರಡನೆಯದು.

ಮೂವತ್ತಮೂರು ವರ್ಷದ ಹಿಂದೆ ಇದೇ ಮೆಟ್ಟಿಲ ಮೇಲೆ ಅತ್ತೆ ಅವಳ ಕೈಗೆ ಮೇಣದಬತ್ತಿ ಕೊಟ್ಟು, "ಹೊಸ ಸೊಸೆ ಮುಂದೆ ನಡೀಲಿ," ಎಂದಿದ್ದಳು. ಆಫ್ರಾ ಹಸು ಸಾಕುವ ಹಳ್ಳಿಯಿಂದ ಬಂದವಳು. ಅವಳು ಕಂಡಿದ್ದ ಮಂತ್ರಿಸಿದ ಮೇಣದಬತ್ತಿ ಎಂದರೆ ಚರ್ಚಿನ ಮೆರವಣಿಗೆಯದು: ಎರಡೂ ಕೈಯಲ್ಲಿ, ಎದೆಯ ಮುಂದೆ, ನೆಟ್ಟಗೆ. ಹಾಗೇ ಹಿಡಿದು ಕೊನೆಯ ಮೆಟ್ಟಿಲವರೆಗೆ ಇಳಿದಳು. ಬತ್ತಿ ಚೆನ್ನಾಗಿ ಉರಿಯುತ್ತಿತ್ತು. "ಉರೀತಿದೆ, ಬಾ ವೆಂಡೆಲ್," ಎಂದು ಕರೆದವಳು ಅವಳೇ. ಕರೆದು, ತಲೆ ಭಾರವೆನಿಸಿ ಮೇಲಕ್ಕೆ ಬಂದಳು. ಅವನು ಸಿಳ್ಳೆ ಹಾಕುತ್ತ ಅವಳ ಪಕ್ಕದಿಂದ ಇಳಿದುಹೋದ.

ಮಣ್ಣಾದ ದಿನ ಅತ್ತೆ ನೆರೆಹೆಂಗಸರ ಮುಂದೆ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು. "ಮೊಣಕಾಲ ಕೆಳಗೆ ಹಿಡಿದ್ರೂ ಉರೀತಿತ್ತಂತಲ್ಲಾ. ಇನ್ನು ದೇವರ ಇಚ್ಛೆ ಅನ್ನದೆ ಏನನ್ನೋದು." ಆಗ ಅವಳಿಗೆ ತಿಳಿಯಿತು. ಬತ್ತಿಯನ್ನು ಮೊಣಕಾಲ ಕೆಳಗೆ ಹಿಡಿಯಬೇಕು. ಆ ಮನೆಯಲ್ಲಿ ಕೂಸಿಗೂ ಗೊತ್ತಿದ್ದ ಮಾತು. ಎಲ್ಲರಿಗೂ ಗೊತ್ತಿದ್ದರಿಂದಲೇ ಅವಳಿಗೆ ಯಾರೂ ಹೇಳಿರಲಿಲ್ಲ. ಪಾದ್ರಿಯ ಮುಂದೆ ಮೊಣಕಾಲೂರಿ ಎಷ್ಟೋ ಸಲ ಹೇಳಿಕೊಂಡಳು. ಪಾದ್ರಿ ಪ್ರತಿ ಸಲವೂ, ಕ್ಷಮೆ ಸಿಕ್ಕಿದೆ ತಾಯಿ, ಮತ್ತೆ ಮತ್ತೆ ಯಾಕೆ ತರುತ್ತೀಯ ಎಂದರು. ಮನೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ.

ಈಗ ಅವಳು ಸೊಂಟ ಬಗ್ಗಿಸಿ, ಕೈ ಕೆಳಗೆ ಚಾಚಿ, ಬತ್ತಿಯನ್ನು ಮುಂದಿನ ಮೆಟ್ಟಿಲಿಗೆ ತಾಗುವಷ್ಟು ತಗ್ಗಿಸಿದ್ದಳು. ನಾಲ್ಕನೆಯ ಮೆಟ್ಟಿಲು. ಐದನೆಯದು. ಉರಿ ಒಮ್ಮೆ ಉದ್ದವಾಯಿತು, ಬತ್ತಿಯಿಂದ ಬಿಟ್ಟು ಮೇಲೆ ನಿಂತ ಹಾಗೆ ಕಂಡಿತು, ಮರುಕ್ಷಣ ಆರಿಹೋಗಿತ್ತು. ಗಾಳಿ ಬೀಸಿರಲಿಲ್ಲ. ಹೊಗೆ ಮೇಲೇಳದೆ ಅಲ್ಲೇ ಒಂದು ಹಾಳೆಯ ಹಾಗೆ ಮಲಗಿತು.

ಅವಳು ಬೆನ್ನು ತಿರುಗಿಸದೆ ಎರಡು ಮೆಟ್ಟಿಲು ಹಿಂದಕ್ಕೆ ಹತ್ತಿದಳು. ಕಡ್ಡಿ ಗೀರಿ ಮತ್ತೆ ಹಚ್ಚಿದಳು. ಎದೆಯ ಮುಂದೆ ಹಿಡಿದಳು: ಉರಿಯಿತು, ಚರ್ಚಿನಲ್ಲಿ ಉರಿದ ಹಾಗೆ. ಮತ್ತೆ ಐದನೆಯ ಮೆಟ್ಟಿಲಿಗೆ ಬಂದು, ಬಗ್ಗಿ ಕೆಳಗಿಳಿಸಿದಳು: ಸತ್ತಿತು. ತಲೆಯೆತ್ತಿ ನೋಡಿದರೆ ಎದುರುಗೋಡೆಯಲ್ಲಿ, ಶಿಲುಬೆಯ ಪಾದದಲ್ಲಿ, ಡಬ್ಬಿ ಹಸಿರಾಗಿ ಹೊಳೆಯುತ್ತಿತ್ತು. ಅವಳು ಮೂವತ್ತಮೂರು ವರ್ಷದ ಹಿಂದೆ ಬತ್ತಿ ಹಿಡಿದಿದ್ದಷ್ಟೇ ಮೇಲೆ.

ಮೇಲೆ ಬಂದು ಬಾಗಿಲು ಎಳೆದುಕೊಂಡಳು.

"ಬತ್ತಿ ಆರಿಹೋಯ್ತು. ಐದನೇ ಮೆಟ್ಟಿಲಲ್ಲಿ."

"ನಿನ್ನ ಲಂಗದ ಗಾಳಿಗೆ ಆರಿರತ್ತೆ."

"ಎರಡು ಸಲ ಆರ್ತು ಸೆವೆರೀನ್."

"ಡಬ್ಬಿ?"

"ಹಸಿರೇ. ಡಬ್ಬಿ ಮೇಲಿದೆ, ಗ್ಯಾಸು ಕೆಳಗಿದೆ."

"ಜರ್ಮನ್ ಮಿಷನ್ನು, ಸರ್ಟಿಫಿಕೇಟ್ ಬೇರೆ ಇದೆ. ಮೇಣದಬತ್ತಿಗೇನಿದೆ ಸರ್ಟಿಫಿಕೇಟು?" ಅವನ ದನಿಯಲ್ಲಿ ಈಗ ನಗೆಯಿರಲಿಲ್ಲ. "ನಿಂಗೆ ಇಳಿಯಕ್ಕೆ ಭಯ. ಭಯ ಅಂತ ಹೇಳು, ನಾನೇನೂ ಬೈಯಲ್ಲ. ನೆವ ಹೇಳ್ಬೇಡ."

ಅವಳು ವಾದಿಸಲಿಲ್ಲ. ಕಿಂಡಿ ತೆರೆಯುತ್ತೇನೆ, ಗಾಳಿಯಾಡಲಿ, ಸಂಜೆ ನೋಡೋಣ ಎಂದಳು. ಕೋಣೆಯ ಮೂಲೆಯಿಂದ ಅತ್ತೆಯ ದೊಡ್ಡ ಕಪ್ಪು ಛತ್ರಿ ತೆಗೆದುಕೊಂಡಳು. ಹಿಂದೆ ಒಮ್ಮೆ ಬಾವಿ ಶುದ್ಧ ಮಾಡುವವರು ಬಿಚ್ಚಿದ ಛತ್ರಿಯನ್ನು ಹಗ್ಗಕ್ಕೆ ಕಟ್ಟಿ ಏರಿಸಿ ಇಳಿಸಿ ಒಳಗಿನ ಕೆಟ್ಟ ಗಾಳಿ ಕಲಕುವುದನ್ನು ಅವಳು ನೋಡಿದ್ದಳು. ಓಣಿಗೆ ಹೋಗಿ, ಪೀಪಾಯಿ ಕಿಂಡಿಯ ಎರಡೂ ಹಲಗೆ ತೆರೆದು, ಛತ್ರಿ ಬಿಚ್ಚಿ, ಹಗ್ಗ ಕಟ್ಟಿ ಇಳಿಬಿಟ್ಟು ಎಳೆಯತೊಡಗಿದಳು.

ಕ್ವಿರೀನ್ ತನ್ನ ಬಾಗಿಲಲ್ಲಿ ಪೈಪು ಸೇದುತ್ತ ನಿಂತಿದ್ದ.

"ಏನ್ ಆಫ್ರಾ, ನಿಮ್ಮನೆ ಒಳಗೆ ಮಳೆ ಬರ್ತಿದ್ಯಾ?"

"ಗ್ಯಾಸು ನಿಂತಿದೆ ಕಣೋ ಕ್ವಿರೀನ್."

ಅವನು ಪೈಪು ಬಾಯಿಂದ ತೆಗೆದ. "ಇಳಿದಿಲ್ಲ ತಾನೆ ಯಾರೂ?"

"ಇಲ್ಲ," ಎನ್ನುತ್ತಿದ್ದಂತೆ ಅವಳ ಕೈ ನಿಂತಿತು. ಕಿಂಡಿಯ ಕತ್ತಲೆಯೊಳಗಿಂದ ಒಂದು ಸದ್ದು ಬರುತ್ತಿತ್ತು. ಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್. ಊರುಗೋಲಿನ ತುದಿ ಕಲ್ಲಿಗೆ ತಾಗುವ ಸದ್ದು.

ಹಗ್ಗ ಕ್ವಿರೀನನ ಕಡೆ ಎಸೆದು, "ಎಳೀತಾ ಇರು," ಎಂದು ಅವಳು ಓಡಿದಳು. ಓಣಿ ಸುತ್ತಿ ಅಂಗಳ, ಅಂಗಳದಿಂದ ಅಡುಗೆಮನೆ. ಅಷ್ಟು ಉದ್ದದ ದಾರಿ ಆ ಮನೆಗಿದೆ ಎಂದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ. ಕುರ್ಚಿ ಖಾಲಿ. ಗಿಡ್ಡ ಬಾಗಿಲು ತೆರೆದಿತ್ತು.

ಸೆವೆರೀನ್ ಮೂರನೆಯ ಮೆಟ್ಟಿಲ ಮೇಲೆ ಕೂತಿದ್ದ. ಪ್ಲಾಸ್ಟರಿನ ಕಾಲು ಮುಂದಕ್ಕೆ ಚಾಚಿತ್ತು. ಕೈಯಲ್ಲಿ ಊರುಗೋಲು, ಜೇಬಿನಲ್ಲಿ ಬಿರಡೆಯ ಸುತ್ತಿಗೆ. ಇನ್ನೊಂದು ಮೆಟ್ಟಿಲು ಜಾರಲು ಅಂಗೈ ಊರುತ್ತಿದ್ದ. ಎಳೆದು ತರೋಣವೆಂದರೆ ಅವನ ತೂಕ ಅವಳ ಎರಡರಷ್ಟು. ಎಳೆದಾಟದಲ್ಲಿ ಇಬ್ಬರೂ ಉರುಳುತ್ತಾರೆ.

"ಮೇಲೆ ಬಾ."

"ಹಸಿರಿದೆ ಕಣೇ. ಇಲ್ಲಿಂದಲೇ ಕಾಣ್ತಿದೆ. ಎರಡು ನಿಮಿಷದ ಕೆಲಸ."

ಅವನು ಇನ್ನೊಂದು ಮೆಟ್ಟಿಲು ಜಾರಿದ. ನಾಲ್ಕು. ಎಷ್ಟೋ ವರ್ಷ ಅವಳು ಮನೆಯಲ್ಲಿ ಹೇಳದೆ ಇಟ್ಟುಕೊಂಡಿದ್ದದ್ದು ಆಗ ಹೊರಗೆ ಬಂತು. ಅವಳು ಅಳಲಿಲ್ಲ, ದನಿಯೇರಿಸಲೂ ಇಲ್ಲ.

"ಅವತ್ತೂ ಉರೀತಿತ್ತು," ಎಂದಳು. "ವೆಂಡೆಲ್ ಸತ್ತ ದಿನ. ನಾನು ಎದೆ ಹತ್ರ ಹಿಡಿದಿದ್ದೆ ಸೆವೆರೀನ್. ಮೊಣಕಾಲ ಹತ್ರ ಅಲ್ಲ. ಚರ್ಚಲ್ಲಿ ಹಿಡಿಯೋ ಹಾಗೆ ಹಿಡಿದಿದ್ದೆ. ನಂಗೆ ಗೊತ್ತಿರಲಿಲ್ಲ. ಉರೀತಿದೆ ಬಾ ಅಂತ ನಾನೇ ಕರೆದೆ ಅವನನ್ನ. ನಿನ್ನ ಡಬ್ಬೀನೂ ಈಗ ಅಲ್ಲೇ ಇದೆ. ನನ್ನ ಕೈ ಇದ್ದ ಜಾಗದಲ್ಲೇ."

ಕೆಳಗಿನ ಕತ್ತಲೆಯಲ್ಲಿ ಛತ್ರಿ ಮೇಲೆ ಕೆಳಗೆ ಆಡುವ ಮೆತ್ತನೆ ಸದ್ದು ಕೇಳುತ್ತಿತ್ತು. ಸೆವೆರೀನ್ ತಿರುಗಿ ನೋಡಲಿಲ್ಲ. ಅವನ ಅಗಲವಾದ ಬೆನ್ನು ಮಾತ್ರ ಅವಳಿಗೆ ಕಾಣುತ್ತಿತ್ತು. ಅದು ಮುಂದಕ್ಕೆ ಹೋಗುತ್ತದೋ ಹಿಂದಕ್ಕೆ ಬರುತ್ತದೋ ಎಂದು ಅವಳು ನೋಡುತ್ತ ನಿಂತಳು. ಕೊನೆಗೆ ಅವನು ಅಂಗೈಗಳನ್ನು ಹಿಂದಿನ ಮೆಟ್ಟಿಲಿಗೆ ಊರಿ ಮೈಯನ್ನು ಮೇಲಕ್ಕೆ ಎಳೆದುಕೊಂಡ. ಮತ್ತೊಂದು. ಬಾಗಿಲ ಹೊರಗೆ ಬಂದಾಗ ಮುಖ ಬಿಳುಚಿತ್ತು. ಅವಳು ಚಾಚಿದ ಕೈಯನ್ನು ಹಿಡಿಯದೆ, ಚೌಕಟ್ಟು ಹಿಡಿದುಕೊಂಡೇ ಎದ್ದ.

"ಕ್ವಿರೀನ್ ಹತ್ರ ಇನ್ನೊಂದು ಡಬ್ಬಿ ಇದೆ," ಎಂದ. "ಹಗ್ಗ ಕಟ್ಟಿ ಬಿಡಕ್ಕೆ ಹೇಳು."

ಕ್ವಿರೀನ್ ತನ್ನ ಯಂತ್ರವನ್ನು ಕಿಂಡಿಯಿಂದ ಇಳಿಬಿಟ್ಟ. ಅದು ನೆಲ ಮುಟ್ಟುವ ಮೊದಲೇ ಕೆಂಪಾಗಿ ಕಿರುಚಿದ್ದು ಅಡುಗೆಮನೆಯವರೆಗೂ ಕೇಳಿತು. ಸೆವೆರೀನ್ ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು ಕೂತು ಆ ಕಿರುಚಾಟವನ್ನು ಕೇಳಿದ.

ಮಧ್ಯಾಹ್ನವೆಲ್ಲ ಕಿಂಡಿ ತೆರೆದಿತ್ತು. ಕ್ವಿರೀನ್ ತನ್ನ ಹುಲ್ಲಟ್ಟದ ಫ್ಯಾನ್ ತಂದು ಹಚ್ಚಿದ. ಸಂಜೆ ನಾಲ್ಕಕ್ಕೆ ಆಫ್ರಾ ಬತ್ತಿ ಹಿಡಿದು ಇಳಿದಳು, ಸೊಂಟ ಬಗ್ಗಿಸಿ, ಒಂದೊಂದು ಮೆಟ್ಟಿಲಿಗೆ ಒಂದೊಂದು ಜಪ ಹೇಳುತ್ತ. ಕ್ವಿರೀನ್ ಅವಳ ಸೊಂಟಕ್ಕೆ ಪೀಪಾಯಿ ಇಳಿಸುವ ಹಗ್ಗ ಕಟ್ಟಿ ಮೇಲೆ ನಿಂತಿದ್ದ. "ಕೆಳಗೆ ಕುಡೀಬೇಡ, ಹಗ್ಗ ಭಾರವಾಗತ್ತೆ," ಎಂದ. ಹನ್ನೆರಡನೆಯ ಮೆಟ್ಟಿಲಿನಲ್ಲಿ ಬತ್ತಿಯನ್ನು ನೆಲದ ಕಲ್ಲಿನ ಮೇಲೇ ಇಟ್ಟಳು. ಉರಿ ನಿಂತಿತು.

ಸಕ್ಕರೆ ಅಳೆಯುವ ಗಾಜಿನ ಕಡ್ಡಿಯನ್ನು ಬಿಯರಿನಲ್ಲಿ ತೇಲಿಸಿ, ಗೆರೆ ಯಾವುದೆಂದು ಕೂಗಿ ಹೇಳಿದಳು. ಅಡುಗೆಮನೆಯಿಂದ ಸೆವೆರೀನ್ ಒಂದೇ ಮಾತು ಕೂಗಿದ: "ಬಿಗಿ." ಎರಡು ಪೀಪಾಯಿಗೂ ಬಿರಡೆ ಹೊಡೆದು, ಒತ್ತಡದ ಮುಳ್ಳಿರುವ ತಿರುಪು ಕೂರಿಸಿ, ಅವಳು ಮೇಲೆ ಬಂದಳು. ವೆಂಡೆಲ್ ಬಗ್ಗಿದ್ದ ಜಾಗದಲ್ಲೇ ಅವಳೂ ಬಗ್ಗಿದ್ದಳು.

ಆಮೇಲೆ ಶುರುವಾಯಿತು ಇನ್ನೊಂದು ಭಯ. ಸೆವೆರೀನ್ ಮಾತಾಡಲಿಲ್ಲ. ಸೂಪು ಕೊಡು, ಕಿಟಕಿ ಮುಚ್ಚು, ಇಷ್ಟೇ. ಸತ್ತವರ ಹಬ್ಬದ ದಿನ ಸಮಾಧಿಗೆ ಕೆಂಪು ದೀಪ ಇಡಲು ಇಬ್ಬರೂ ಹೋದರು. ವೆಂಡೆಲ್‌ನ ಕಲ್ಲಿನ ಮುಂದೆ ಅವನು ಊರುಗೋಲಿಗೆ ಒರಗಿ ಬಹಳ ಹೊತ್ತು ನಿಂತ. ಅವಳು ಎರಡು ಹೆಜ್ಜೆ ಹಿಂದೆ ನಿಂತಳು. ಮುಂದೆ ಬಾ ಎಂದು ಅವನು ಕರೆಯಲಿಲ್ಲ.

ದಿನಾ ಬೆಳಿಗ್ಗೆ ಕಿಂಡಿ ತೆರೆದು, ಬತ್ತಿ ಹಿಡಿದು ಇಳಿದು, ಒತ್ತಡದ ಮುಳ್ಳು ಎಷ್ಟು ಏರಿದೆ ನೋಡಿ ಬಂದು ಅವನಿಗೆ ಹೇಳುವುದು ಅವಳ ಕೆಲಸವಾಯಿತು. ಮುಳ್ಳು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲೇರುತ್ತಿತ್ತು. ಅವನು ತಲೆಯಾಡಿಸುತ್ತಿದ್ದ. ಮುಚ್ಚಿದ ಪೀಪಾಯಿಯೊಳಗೆ ಏನಾಗುತ್ತಿದೆ ಎಂಬುದು ಮುಳ್ಳಿನಿಂದ ತಿಳಿಯುತ್ತಿತ್ತು. ಎದುರಿಗೆ ಕೂತು ಸೂಪು ಕುಡಿಯುವವನ ಒಳಗೆ ಏನಾಗುತ್ತಿದೆ ಎಂದು ತಿಳಿಯಲು ಅವಳಿಗೆ ಯಾವ ಮುಳ್ಳೂ ಇರಲಿಲ್ಲ. ಜಪಮಾಲೆಯ ಮಣಿ ಉರುಳಿಸುವಾಗ, ಅವನು ಬಾಯಿ ತೆರೆದು ಬೈದರೂ ಸಾಕು ಎಂದು ಬೇಡಿಕೊಂಡಳು.

ನವೆಂಬರ್ ಕೊನೆಗೆ ಪ್ಲಾಸ್ಟರ್ ಬಿಚ್ಚಿದರು. ಎರಡು ದಿನ ಕಳೆದು ಅವಳು ಕೆಳಗೆ ಹೋದಾಗ ಶಿಲುಬೆಯ ಕೆಳಗೆ ಬರೀ ಮೊಳೆಯ ತೂತಿತ್ತು. ಡಬ್ಬಿ ನೆಲದಿಂದ ಒಂದು ಗೇಣು ಮೇಲೆ, ಪೀಪಾಯಿಯ ಪಕ್ಕದಲ್ಲಿತ್ತು. ಅವನು ಯಾವಾಗ ಇಳಿದಿದ್ದನೋ, ಆ ಕಾಲಿನಲ್ಲಿ ಹೇಗೆ ಬಗ್ಗಿದ್ದನೋ ಅವಳಿಗೆ ತಿಳಿಯಲಿಲ್ಲ.

ಮುಂದಿನ ಶುಕ್ರವಾರ ನಕ್ಷತ್ರ ತೂಗಿತು. ಮಧ್ಯಾಹ್ನಕ್ಕೇ ಬೆಂಚುಗಳು ತುಂಬಿದ್ದವು. ಕ್ವಿರೀನ್ ಲೋಟದ ಬುಡದಿಂದ ಮೇಜು ಬಡಿಯುತ್ತಿದ್ದ. "ಕಮ್ಮಾರರೇ, ಬಾಯಾರಿ ಸತ್ತ ಮೇಲೆ ಕೊಡ್ತೀರೇನ್ರೋ? ಛತ್ರಿ ಎಳೆದ ಕೂಲಿ ಬಾಕಿ ಇದೆ."

ನಲ್ಲಿಯ ಕೊಳವೆಯನ್ನು ಪೀಪಾಯಿಗೆ ಜೋಡಿಸಬೇಕಿತ್ತು. ಆಫ್ರಾ ಗಿಡ್ಡ ಬಾಗಿಲ ಹತ್ತಿರ ಹೋದಾಗ ಸೆವೆರೀನ್ ಅಲ್ಲಿ ನಿಂತಿದ್ದ, ಬಗಲಲ್ಲಿ ಕೋಲು, ಕೈಯಲ್ಲಿ ಹಚ್ಚಿದ ಮೇಣದಬತ್ತಿ. ಅದನ್ನು ಅವಳ ಕಡೆ ಚಾಚಿದ. ತೆಗೆದುಕೊಂಡಳು. ಅವನ ಮುಖ ನೋಡುವ ಧೈರ್ಯವಿಲ್ಲದೆ ಉರಿಯನ್ನೇ ನೋಡುತ್ತಿದ್ದಳು. ಒಂದು ತಿಂಗಳ ಅಭ್ಯಾಸವೆಲ್ಲ ಎಲ್ಲಿ ಹೋಯಿತೋ, ಬತ್ತಿ ತಾನಾಗಿ ಅವಳ ಎದೆಯ ಮುಂದೆ ಬಂದು ನಿಂತಿತ್ತು.

ಅವನು ಅವಳ ಮಣಿಕಟ್ಟು ಹಿಡಿದ. ಬಿಗಿಯಾಗಿ, ಆದರೆ ನೋಯದ ಹಾಗೆ ಆ ಕೈಯನ್ನು ಕೆಳಗೆ ತಂದ. ಸೊಂಟ, ತೊಡೆ, ಮೊಣಕಾಲು. ಅಲ್ಲಿ ನಿಲ್ಲಿಸಿದ. ಅವನ ಗಾಯದ ಕಾಲು ಬಗ್ಗಲಾರದೆ ನಡುಗುತ್ತಿತ್ತು.

"ಇಲ್ಲಿ," ಎಂದ. "ನಂಗೂ ವೆಂಡೆಲ್‌ಗೂ ಅಮ್ಮ ಹೀಗೇ ಕೈ ಹಿಡಿದು ತೋರಿಸಿದ್ಲು. ನಾವು ಆಗ ಇಷ್ಟುದ್ದ ಇದ್ವಿ."

ಅವಳ ಮಣಿಕಟ್ಟು ಬಿಡದೆ, "ನಿಂಗೆ ಯಾರೂ ತೋರಿಸ್ಲಿಲ್ಲ. ನಾನೂ ತೋರಿಸ್ಲಿಲ್ಲ," ಎಂದ.

ಹಿಂದಿನಿಂದ ಮೇಜು ಬಡಿಯುವ ಸದ್ದು ಜೋರಾಯಿತು. ಅವಳು ಬಗ್ಗಿದಂತೆಯೇ ಮೊದಲ ಮೆಟ್ಟಿಲು ಇಳಿದಳು. ಅವನು ಅವಳ ಹೆಗಲ ಮೇಲೆ ಒಂದು ಕೈಯಿಟ್ಟು ಹಿಂದೆಯೇ ಇಳಿದ. ಇಬ್ಬರ ಕಣ್ಣೂ ಉರಿಯ ಮೇಲೆಯೇ ಇತ್ತು. ಐದನೆಯ ಮೆಟ್ಟಿಲಿನಲ್ಲಿ ಅವಳ ಕಾಲು ತಾನಾಗಿ ನಿಂತಿತು. ಹೆಗಲ ಮೇಲಿನ ಕೈ ಅವಳನ್ನು ತಳ್ಳಲಿಲ್ಲ, ಕಾಯಿತು. ಉರಿ ಅಲುಗಲಿಲ್ಲ. ಅವಳು ಇನ್ನೊಂದು ಜಪ ಮುಗಿಸಿ ಆರನೆಯ ಮೆಟ್ಟಿಲಿಗೆ ಕಾಲಿಟ್ಟಳು.